ಹನ್ನೊಂದು ಗೆರೆಯೊಳಗೆ ಬಾಗಿದ ಮನುಷ್ಯ

ಜಪಾನೀಯರ ಬರವಣಿಗೆಯಲ್ಲಿ ಒಂದು ಅಕ್ಷರ ಇದೆ. ಹನ್ನೊಂದು ಗೆರೆ ಎಳೆದರೆ ಅದು ಮುಗಿಯುತ್ತದೆ. ‘ತೋ’ ಎಂದು ಓದುತ್ತಾರೆ, ಕೆಲವು ಕಡೆ ‘ಸುಎ’ ಎಂದೂ ಓದುತ್ತಾರೆ. ಅರ್ಥ: ಸುಟ್ಟ ಮಣ್ಣಿನ ಪಾತ್ರೆ, ಕುಂಬಾರಿಕೆ. ಚೀನಾದಿಂದ ಹೋದ ಇಂಥ ಅಕ್ಷರಗಳಿಗೆ ಜಪಾನಿನಲ್ಲಿ ಕಾಂಜಿ ಅಂತಾರೆ. ನಮ್ಮ ಅಕ್ಷರ ಸದ್ದನ್ನು ಹಿಡಿಯುತ್ತದೆ. ಕಾಂಜಿ ಸದ್ದಿನ ಜತೆಗೆ ಅರ್ಥವನ್ನೂ ಹೊರುತ್ತದೆ. ಒಂದೊಂದು ಅಕ್ಷರವೂ ಒಂದು ಗುಡಿಸಲಿದ್ದ ಹಾಗೆ. ಬಗ್ಗಿ ಒಳಗೆ ನೋಡಿದರೆ ಯಾರೋ ಕೂತಿರುತ್ತಾರೆ.

ನಮ್ಮ ಮನೆಗಳಿಗೆ ಅಕ್ಷರ ಬಂದದ್ದು ನಮ್ಮ ತಲೆಮಾರಿನಲ್ಲಿ. ಅಪ್ಪ ಅವ್ವ ಹೆಬ್ಬೆಟ್ಟು ಒತ್ತಿದವರು. ಹಾಗಾಗಿ ಯಾವ ದೇಶದ ಅಕ್ಷರ ಕಂಡರೂ ನಾವು ಮೊದಲು ಕೇಳುವುದು ಒಂದೇ: ಇದರೊಳಗೆ ಯಾರಿದ್ದಾರೆ? ಯಾರನ್ನು ಹೊರಗೆ ನಿಲ್ಲಿಸಿದ್ದಾರೆ?

ಈ ಅಕ್ಷರವನ್ನು ಬಿಡಿಸಿ ನೋಡೋಣ. ಎಡಗಡೆ ಮೂರು ಗೆರೆ. ಅದು ದಿಬ್ಬ, ಗುಡ್ಡ. ಬಲಗಡೆ ಎರಡು ಗೆರೆಯ ಒಂದು ಬಾಗು, ಏನನ್ನೋ ತಬ್ಬಿಕೊಂಡಂತೆ. ಆ ಬಾಗಿನ ಹೊಟ್ಟೆಯೊಳಗೆ ಆರು ಗೆರೆಯ ಒಂದು ಗಡಿಗೆ. ಕ್ರಿ.ಶ. 100ರ ಸುಮಾರಿಗೆ ಚೀನಾದ ಶು ಶೆನ್ ಎಂಬ ಪಂಡಿತ ಅಕ್ಷರಗಳ ಮೂಲ ಹೇಳುವ ಒಂದು ನಿಘಂಟು ಬರೆದ. ಹೆಸರು ‘ಶುವೋವೆನ್ ಜಿಯೆಜಿ’. ಆ ಎರಡು ಗೆರೆಯ ಬಾಗು ಮೈ ಬಗ್ಗಿಸಿ ಏನನ್ನೋ ಒಳಗೆ ಹಿಡಿದ ಮನುಷ್ಯನ ಆಕಾರ ಅಂತ ಆತ ಹೇಳುತ್ತಾನೆ. ಆ ಬಾಗು, ಅದರ ಮಡಿಲಲ್ಲಿ ಗಡಿಗೆ, ಇಷ್ಟೇ ಇದ್ದರೆ ಮಣ್ಣಿನ ಪಾತ್ರೆ ಎಂಬ ಅರ್ಥ. ಗುಡ್ಡ ಸೇರಿದ ರೂಪ ಮೊದಲು ಎರಡು ಅಂತಸ್ತಿನ ದಿಬ್ಬವೊಂದರ ಹೆಸರಾಗಿತ್ತು. ಬರಬರುತ್ತಾ ಅದೇ ರೂಪ ಮಡಕೆಗೂ ನಿಂತಿತು. ಆ ಬಾಗನ್ನು ಅಲ್ಲಿ ಇಟ್ಟಿರುವುದು ಬರೀ ಸದ್ದಿಗಾಗಿ ಅಂತ ಪಂಡಿತರು ಹೇಳುತ್ತಾರೆ. ಇರಬಹುದು. ಆದರೆ ಸದ್ದಿಗಾಗಿ ಕರೆದವನೂ ಬಗ್ಗಿಕೊಂಡೇ ಬಂದಿದ್ದಾನಲ್ಲ!

ಗುಡ್ಡ, ಬಾಗಿದ ಮೈ, ಗಡಿಗೆ. ಜಪಾನಿನ ಕುಂಬಾರಿಕೆಯ ಚರಿತ್ರೆಯನ್ನು ಈ ಮೂರೇ ಮಾತಿನಲ್ಲಿ ಹೇಳಿಬಿಡಬಹುದು.

ಆ ದ್ವೀಪಗಳಲ್ಲಿ ಹತ್ತು ಸಾವಿರ ವರ್ಷಕ್ಕೂ ಹಿಂದಿನಿಂದ ಜನ ಮಡಕೆ ಮಾಡುತ್ತಿದ್ದರು. ತಿಗರಿ ಇರಲಿಲ್ಲ, ಕಟ್ಟಿದ ಆವಿಗೆ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಕೈಯಲ್ಲೇ ತಿದ್ದಿ ಬಯಲ ಬೆಂಕಿಯಲ್ಲಿ ಸುಡುತ್ತಿದ್ದರು. ಐದನೆಯ ಶತಮಾನದ ಹೊತ್ತಿಗೆ ಕೊರಿಯಾದಿಂದ ಕುಂಬಾರರು ಬಂದರು. ತಿಗರಿ ತಂದರು. ಗುಡ್ಡದ ಇಳಿಜಾರಿನಲ್ಲಿ ಸುರಂಗದಂಥ ಆವಿಗೆ ತೋಡುವ ವಿದ್ಯೆ ತಂದರು. ಇಳಿಜಾರಿನ ಕೆಳಬಾಯಿಗೆ ಸೌದೆ ಒಟ್ಟಿದರೆ ಉರಿ ತಾನಾಗಿ ಮೇಲಕ್ಕೆ ಎಳೆಯುತ್ತದೆ. ಕಾವು ಸಾವಿರ ಡಿಗ್ರಿ ದಾಟುತ್ತದೆ. ಬೂದು ಬಣ್ಣದ, ಬಡಿದರೆ ಕಂಚಿನ ಹಾಗೆ ಸದ್ದು ಕೊಡುವ ಗಟ್ಟಿ ಪಾತ್ರೆ ಹುಟ್ಟಿದ್ದು ಹೀಗೆ. ಅದಕ್ಕೆ ‘ಸುಎ’ ಪಾತ್ರೆ ಅಂತ ಹೆಸರು. ಒಸಾಕಾದ ದಕ್ಷಿಣದ ಗುಡ್ಡಗಳಲ್ಲಿ ಇಂಥ ನೂರಾರು ಆವಿಗೆಗಳ ಕುರುಹು ಅಗೆತದಲ್ಲಿ ಸಿಕ್ಕಿದೆ. ಕಾಂಜಿ ಅಕ್ಷರಗಳೂ ಜಪಾನಿಗೆ ಹೋದದ್ದು ಇದೇ ಕೊರಿಯಾದ ದಾರಿಯಲ್ಲಿ. ಅಕ್ಷರ ಅರಮನೆ ಸೇರಿತು. ಅಕ್ಷರದೊಳಗಿದ್ದ ಮನುಷ್ಯ ಗುಡ್ಡ ಸೇರಿದ.

ಅವರನ್ನು ಆಳುವವರು ಹೇಗೆ ಇಟ್ಟುಕೊಂಡರು? 720ರಲ್ಲಿ ಬರೆದು ಮುಗಿಸಿದ ‘ನಿಹೊನ್ ಶೋಕಿ’ ಎಂಬ ರಾಜವಂಶದ ಚರಿತ್ರೆಯಲ್ಲಿ ಉತ್ತರ ಇದೆ. ಯೂರ್ಯಾಕು ದೊರೆಯ ಕಾಲದಲ್ಲಿ ಕೊರಿಯಾದ ಪೆಕ್ಚೆ ರಾಜ್ಯದಿಂದ ಬಂದ ಕಸುಬಿನವರನ್ನು ನೆಲೆಗೊಳಿಸಿದ ವಿಚಾರ ಅಲ್ಲಿ ಬರುತ್ತದೆ. ಕುಂಬಾರ, ಜೀನು ಮಾಡುವವನು, ಚಿತ್ರ ಬರೆಯುವವನು, ಜರತಾರಿ ನೇಯುವವನು, ದುಭಾಷಿ. ಪ್ರತಿಯೊಬ್ಬನಿಗೂ ಒಂದು ‘ಬೆ’. ‘ಬೆ’ ಎಂದರೆ ವಂಶಪಾರಂಪರ್ಯದ ಕಸುಬಿನ ಗುಂಪು. ಅಪ್ಪ ಮಾಡಿದ್ದನ್ನೇ ಮಗ ಮಾಡಬೇಕು, ಮಾಡಿದ್ದನ್ನು ಆಸ್ಥಾನಕ್ಕೋ ದೊಡ್ಡ ಮನೆತನಕ್ಕೋ ಒಪ್ಪಿಸಬೇಕು. ಕುಂಬಾರರ ‘ಬೆ’ಯ ಹೆಸರು ಬರೆಯುವುದಕ್ಕೆ ನಮ್ಮ ಈ ಹನ್ನೊಂದು ಗೆರೆಯ ಅಕ್ಷರವೇ ಬಳಕೆಯಾಯಿತು. ಅಂದರೆ ಜಪಾನಿನ ಚರಿತ್ರೆಯಲ್ಲಿ ಈ ಅಕ್ಷರ ಬರೀ ಒಂದು ಪಾತ್ರೆಯ ಹೆಸರಾಗಿ ಉಳಿಯಲಿಲ್ಲ, ಹುಟ್ಟಿನಿಂದ ಬಂದ ಊಳಿಗದ ಹೆಸರೂ ಆಯಿತು. ಈ ಮಾತನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹದಿನಾರನೆಯ ಶತಮಾನಕ್ಕೆ ಬನ್ನಿ. ಜಪಾನಿನ ಪಾಳೇಗಾರರಿಗೆ ಚಹಾದ ಹುಚ್ಚು. ಕುಡಿಯುವ ಹುಚ್ಚಲ್ಲ, ಬಟ್ಟಲಿನ ಹುಚ್ಚು. ಕೊರಿಯಾದ ಒರಟು ಬಟ್ಟಲು ಸಿಕ್ಕರೆ ಅದೇ ದೊಡ್ಡ ಐಶ್ವರ್ಯ. 1592ರಲ್ಲಿ ಟೊಯೊಟೊಮಿ ಹಿದೆಯೋಶಿ ಕೊರಿಯಾದ ಮೇಲೆ ದಂಡೆತ್ತಿ ಹೋದ. 1597ರಲ್ಲಿ ಮತ್ತೆ ಹೋದ. 1598ರಲ್ಲಿ ಅವನು ಸತ್ತ ಮೇಲೆ ದಂಡು ವಾಪಸಾಯಿತು. ಆ ಯುದ್ಧದಲ್ಲಿ ಸತ್ತವರ ಮೂಗು ಕೊಯ್ದು ತಂದು ಕ್ಯೋಟೊದಲ್ಲಿ ಹೂತಿದ್ದಾರೆ. ಆ ದಿಬ್ಬ ಇವತ್ತಿಗೂ ಇದೆ. ಸತ್ತವರ ಮೂಗು ತಂದ ದಂಡೇ ಬದುಕಿದವರ ಕೈಗಳನ್ನೂ ಹೊತ್ತು ತಂದಿತು. ಒಬ್ಬೊಬ್ಬ ಪಾಳೇಗಾರನೂ ಕುಂಬಾರರನ್ನು ಸೆರೆ ಹಿಡಿದು ತನ್ನ ಸೀಮೆಗೆ ಸಾಗಿಸಿದ. ಆ ಯುದ್ಧಕ್ಕೆ ‘ಮಡಕೆಯ ಯುದ್ಧ’ ಅಂತ ಆಮೇಲೆ ಹೆಸರೇ ಬಿತ್ತು.

ಹೀಗೆ ಬಂದವರಲ್ಲಿ ಯಿ ಸಾಮ್‌ಪ್ಯೊಂಗ್ ಒಬ್ಬ. ಅವನನ್ನು ಕರೆತಂದವನು ಕ್ಯೂಶು ದ್ವೀಪದ ನಬೇಶಿಮಾ ನವೋಶಿಗೆ. 1616ರಲ್ಲಿ ಅರಿತಾ ಎಂಬಲ್ಲಿ, ಇಜುಮಿಯಾಮಾ ಗುಡ್ಡದಲ್ಲಿ, ಪಿಂಗಾಣಿಗೆ ಬೇಕಾದ ಬಿಳಿ ಕಲ್ಲನ್ನು ಅವನು ಕಂಡುಹಿಡಿದ ಅಂತ ಅಲ್ಲಿನ ಜನ ಹೇಳುತ್ತಾ ಬಂದಿದ್ದಾರೆ. ಜಪಾನಿನ ಪಿಂಗಾಣಿ ಹುಟ್ಟಿದ್ದು ಆ ಊರಿನಲ್ಲಿ. ಕೆಲವೇ ದಶಕದಲ್ಲಿ ಡಚ್ಚರು ಹಡಗುಗಟ್ಟಲೆ ಅರಿತಾದ ಪಿಂಗಾಣಿಯನ್ನು ಯೂರೋಪಿಗೆ ಒಯ್ದರು. ಅಲ್ಲಿನ ರಾಜರು ಅದನ್ನು ಕೋಣೆಗಟ್ಟಲೆ ಜೋಡಿಸಿಟ್ಟು ಮೆರೆದರು. ಸೆರೆಯಾಳಿನ ಕೈಗುಣ, ದೊರೆಯ ಬೊಕ್ಕಸ.

ಅದೇ ಊರಿನಲ್ಲಿ ಇನ್ನೊಬ್ಬ ಹೆಣ್ಣುಮಗಳು. ಗಂಡನೂ ಕೊರಿಯಾದಿಂದ ಬಂದ ಕುಂಬಾರ. ಅವನು ಸತ್ತ ಮೇಲೆ 906 ಜನರನ್ನು ಕರೆದುಕೊಂಡು ಒಳ್ಳೆಯ ಮಣ್ಣಿದ್ದ ಅರಿತಾಕ್ಕೆ ಬಂದು ನೆಲೆಸಿದಳು ಅಂತ ಹೇಳುತ್ತಾರೆ. 1656ರಲ್ಲಿ ಸತ್ತಾಗ ಆಕೆಗೆ 96 ವರ್ಷ. ಜನ ಆಕೆಯನ್ನು ಹ್ಯಾಕುಬಾಸೆನ್ ಅಂತ ಕರೆದರು. ಅಂದರೆ ನೂರು ವರ್ಷದ ಅಜ್ಜಿ, ದೈವದಂಥವಳು. ಮರಿಮಗ 1705ರಲ್ಲಿ ಒಂದು ಕಲ್ಲು ನಿಲ್ಲಿಸಿದ. ಆದರೆ ಆಕೆಯ ತಾಯಿ ತಂದೆ ಇಟ್ಟ ಹೆಸರು ಉಳಿಯಲಿಲ್ಲ. ಒಂಬೈನೂರು ಜನರನ್ನು ನಡೆಸಿದ ಹೆಂಗಸಿನ ಹೆಸರು ಯಾವ ದಫ್ತರದಲ್ಲೂ ಇಲ್ಲ. ಅಜ್ಜಿ, ಅಷ್ಟೆ.

ಪಿಂಗಾಣಿ ದುಡ್ಡು ತರುತ್ತದೆ ಅಂತ ಗೊತ್ತಾದ ಮೇಲೆ ಆಡಳಿತ ಸುಮ್ಮನೆ ಇರುತ್ತದೆಯೇ? 1637ರಲ್ಲಿ ನಬೇಶಿಮಾ ಆಡಳಿತ 826 ಜಪಾನೀ ಕುಂಬಾರರನ್ನು ಆ ಸೀಮೆಯಿಂದ ಓಡಿಸಿತು. ಗಂಡಸರು 532, ಹೆಂಗಸರು 294. ಸೌದೆಗಾಗಿ ಕಾಡು ಕಡಿಯುತ್ತಾರೆ ಅನ್ನುವುದು ಹೇಳಿಕೊಂಡ ಕಾರಣ. ಉಳಿದ ಆವಿಗೆಗಳು ಆಡಳಿತದ ಹಿಡಿತಕ್ಕೆ ಬಂದವು. ಒಂದು ಕಡೆ ಪರದೇಶದ ಕುಂಬಾರನನ್ನು ಕಟ್ಟಿಹಾಕುವುದು, ಇನ್ನೊಂದು ಕಡೆ ಸ್ವದೇಶದ ಕುಂಬಾರನನ್ನು ಹೊರಗಟ್ಟುವುದು. ಇಬ್ಬರಿಗೂ ಹೊಡೆದ ಕೈ ಒಂದೇ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುವ ಹಾಗೆ ಮಾಡುವುದು ಎಷ್ಟು ಸುಲಭ ನೋಡಿ.

ಈಗ ಅರಿತಾಕ್ಕೆ ಹೋದರೆ ಗುಡ್ಡದ ಮೇಲೆ ಒಂದು ದೇವಸ್ಥಾನ ಇದೆ. ಅದರ ಹೆಸರಿನಲ್ಲೂ ನಮ್ಮ ಅಕ್ಷರ ಇದೆ. ‘ಸುಎಯಾಮಾ’, ಮಡಕೆಯ ಗುಡ್ಡ. ಬಾಗಿಲ ಕಮಾನು ಕೂಡ ಪಿಂಗಾಣಿಯದೇ. ಒಳಗೆ ಪೂಜೆಗೊಳ್ಳುವವರು ಮೂವರು. ಒಬ್ಬ ಪುರಾತನ ಚಕ್ರವರ್ತಿ ಓಜಿನ್. ಇನ್ನೊಬ್ಬ ಸೆರೆ ಹಿಡಿದು ತಂದ ನಬೇಶಿಮಾ ನವೋಶಿಗೆ. ಮೂರನೆಯವನು ಸೆರೆ ಸಿಕ್ಕಿ ಬಂದ ಯಿ ಸಾಮ್‌ಪ್ಯೊಂಗ್. ಹಿಡಿದವನೂ ಸಿಕ್ಕವನೂ ಒಂದೇ ಪೀಠದಲ್ಲಿ! 1917ರಲ್ಲಿ ಅದರ ಮೇಲುಗಡೆ ಯಿ ಸಾಮ್‌ಪ್ಯೊಂಗನಿಗೆ ಒಂದು ಸ್ಮಾರಕ ಕಂಬ ನಿಲ್ಲಿಸಿದರು. ಅದರಲ್ಲಿ ‘ತೋಸೋ’, ಕುಂಬಾರಿಕೆಯ ಮೂಲಪುರುಷ ಅಂತ ಕೆತ್ತಿದ್ದಾರೆ. ಆಗ ಅವನ ದೇಶ ಜಪಾನಿನ ವಸಾಹತು. ಬದುಕಿದ್ದ ಕೊರಿಯನ್ನರು ಗುಲಾಮರು, ಸತ್ತ ಕೊರಿಯನ್ ಮೂಲಪುರುಷ. ದೇವರು ಮಾಡಿ ಕೂರಿಸುವುದೂ ಬಾಯಿ ಮುಚ್ಚಿಸುವ ಒಂದು ದಾರಿಯೇ.

ಕ್ಯೂಶುವಿನ ದಕ್ಷಿಣ ತುದಿಯಲ್ಲಿ ಸತ್ಸುಮಾ ಸೀಮೆ. ಅಲ್ಲಿನ ಶಿಮಾಜು ಯೊಶಿಹಿರೊ 1598ರಲ್ಲಿ ಎಂಬತ್ತರಷ್ಟು ಕೊರಿಯನ್ ಕುಂಬಾರರನ್ನು ತಂದ. ಆಮೇಲೆ ಅವರಿಗೆ ನಾಯೆಶಿರೊಗಾವಾ ಎಂಬ ಊರು ಕಟ್ಟಿಸಿಕೊಟ್ಟರು. ಕಟ್ಟಳೆ ಏನೆಂದರೆ, ಕೊರಿಯನ್ ಹೆಸರನ್ನೇ ಇಟ್ಟುಕೊಳ್ಳಬೇಕು, ಕೊರಿಯನ್ ಉಡುಪನ್ನೇ ಉಡಬೇಕು, ಹೊರಗಿನವರ ಜತೆ ಮದುವೆ ಕೂಡದು. ಹಡಗು ಒಡೆದು ದಡಕ್ಕೆ ಬಂದ ಕೊರಿಯನ್ನರ ಜತೆ ಮಾತಾಡಲು ಇವರೇ ದುಭಾಷಿಗಳು. ಇವರು ಮಾಡಿದ ಬಿಳಿ ಪಾತ್ರೆ ದೊರೆಗೆ, ಕರಿ ಪಾತ್ರೆ ಜನಕ್ಕೆ. ಮಣ್ಣಿನಲ್ಲೂ ಬಣ್ಣದ ಭೇದ. 1873ರಲ್ಲಿ ವಿಯೆನ್ನಾ ನಗರದ ವಿಶ್ವ ಪ್ರದರ್ಶನದಲ್ಲಿ ಈ ಊರಿನ ಹನ್ನೆರಡನೆಯ ತಲೆಮಾರಿನ ಕುಂಬಾರ ಶಿಮ್ ಸುಗ್ವಾನನ ದೊಡ್ಡ ಹೂದಾನಿಗಳನ್ನು ಕಂಡು ಯೂರೋಪಿನವರು ಬೆರಗಾದರು. ಹೊಗಳಿಕೆ ಬಂದದ್ದು ಜಪಾನಿಗೆ.

ಅದೇ ಹೊತ್ತಿಗೆ ಹೊಸ ಮೆಯ್‌ಜಿ ಸರ್ಕಾರ ಹಳೆ ಶ್ರೇಣಿಗಳನ್ನು ತೆಗೆದು ಹೊಸ ದಫ್ತರ ಬರೆಯುತ್ತಿತ್ತು. ದೊರೆ ಹೋದ ಮೇಲೆ ಆ ಊರಿನವರಿಗೆ ಉಳಿದದ್ದು ಕೊರಿಯನ್ ಹೆಸರು ಮತ್ತು ಅದರ ಜತೆ ಬರುವ ತಾತ್ಸಾರ. ಮುನ್ನೂರು ವರ್ಷ ಬಲವಂತದಿಂದ ಹೊರಿಸಿದ ಹೆಸರು ಈಗ ಅವಮಾನದ ಗುರುತು. ಆ ಊರಿನ ಬೋಕು ಎಂಬ ಕುಂಬಾರ ಮನೆತನದಲ್ಲಿ 1882ರಲ್ಲಿ ಒಬ್ಬ ಹುಡುಗ ಹುಟ್ಟಿದ. 1886ರಲ್ಲಿ ಅಪ್ಪ ದುಡ್ಡು ಕೊಟ್ಟು ತೋಗೋ ಎಂಬ ಸಮುರಾಯಿ ಮನೆತನದ ಹೆಸರು ಕೊಂಡ. ಹುಡುಗ ಓದಿ, ರಾಯಭಾರಿಯಾಗಿ, 1941ರಲ್ಲಿ ಜಪಾನ್ ಯುದ್ಧಕ್ಕಿಳಿದಾಗ ಆ ದೇಶದ ವಿದೇಶಾಂಗ ಮಂತ್ರಿ ಆದ. 1945ರಲ್ಲಿ ಯುದ್ಧ ಮುಗಿಸಿದಾಗಲೂ ಅವನೇ ಮಂತ್ರಿ. ತೋಗೋ ಶಿಗೆನೋರಿ. ಯುದ್ಧಾಪರಾಧದ ವಿಚಾರಣೆಯಲ್ಲಿ ಇಪ್ಪತ್ತು ವರ್ಷದ ಶಿಕ್ಷೆಯಾಗಿ, 1950ರಲ್ಲಿ ಸೆರೆಯಲ್ಲಿದ್ದಾಗಲೇ ಸತ್ತ. ಅವನ ರಾಜಕೀಯವನ್ನು ನಾವು ಒಪ್ಪಬೇಕಿಲ್ಲ. ಆದರೆ ಮಗನ ಬೆನ್ನ ಮೇಲಿನ ಹೆಸರನ್ನು ಬದಲಿಸಲು ಕೈಗಂಟು ಬಿಚ್ಚಿದ ಆ ಕುಂಬಾರ ಅಪ್ಪ ನಮಗೆ ಅರ್ಥವಾಗುತ್ತಾನೆ. ಹೆಸರು ಹೇಳಿದ ಕೂಡಲೇ ಎದುರಿನವರ ಮುಖ ಬದಲಾಗುವುದನ್ನು ಶಾಲೆಯ ಹಾಜರಿಯಲ್ಲಿ, ಬಾಡಿಗೆ ಮನೆ ಕೇಳುವಾಗ, ಕಂಡವರು ನಾವು.

ಇಷ್ಟೆಲ್ಲ ನಡೆಯುತ್ತಿದ್ದಾಗ ಆ ಅಕ್ಷರ ಏನು ಮಾಡುತ್ತಿತ್ತು? ಅದು ಓದಿದವರ ನಾಲಿಗೆಯ ಮೇಲೆ ದೊಡ್ಡ ಅರ್ಥಗಳನ್ನು ಪಡೆಯುತ್ತಿತ್ತು. ‘ತೋಯಾ’ ಎಂಬ ಮಾತಿದೆ. ಮಡಕೆ ಮಾಡುವುದು, ಲೋಹ ಕರಗಿಸಿ ಎರಕ ಹೊಯ್ಯುವುದು, ಎರಡೂ ಸೇರಿದ ಮಾತು. ಬಳಕೆಯಲ್ಲಿ ಅದರ ಅರ್ಥ, ಮನುಷ್ಯನ ಗುಣವನ್ನು ತಿದ್ದಿ ರೂಪಿಸುವುದು. ಜಪಾನಿನ ಶಿಕ್ಷಣಶಾಸ್ತ್ರದಲ್ಲಿ ಇದು ಗೌರವದ ಶಬ್ದ. ‘ಕುಂತೋ’ ಎಂಬುದು ಇನ್ನೊಂದು. ಸುಗಂಧದ ಹೊಗೆ ಹಾಕಿದಂತೆ, ಮಣ್ಣು ತಿದ್ದಿದಂತೆ, ಗುರು ಶಿಷ್ಯನನ್ನು ಬೆಳೆಸುವುದು. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಗಮನಿಸಿ. ಕಲಿಸುವುದಕ್ಕೆ ಹೆಸರು ಬೇಕಾದಾಗ ಪಂಡಿತರು ಹೋದದ್ದು ಕುಂಬಾರನ ಹತ್ತಿರ. ಅವನ ಮಾತನ್ನು ಎತ್ತಿಕೊಂಡರು. ಅವನ ಮಕ್ಕಳನ್ನು ಶಾಲೆಗೆ ಕರೆದುಕೊಂಡರೇ?

ಕುಂಬಾರನಿಗೇ ಇರುವ ಹೆಸರುಗಳನ್ನು ನೋಡಿ. ‘ತೋಕೋ’ ಎಂದರೆ ಮಡಕೆ ಕೆಲಸದವನು. ‘ತೋಗೆಯ್‌ಕಾ’ ಎಂದರೆ ಮಡಕೆಯ ಕಲಾವಿದ. ಮಣ್ಣು ಒಂದೇ, ತಿಗರಿ ಒಂದೇ, ಬೆಂಕಿ ಒಂದೇ. ಒಬ್ಬನಿಗೆ ಕೂಲಿ, ಇನ್ನೊಬ್ಬನಿಗೆ ಪ್ರದರ್ಶನ.

ಇಲ್ಲಿ ಒಬ್ಬ ಮನುಷ್ಯನ ಬಗ್ಗೆ ಹೇಳಲೇಬೇಕು. ಯಾನಾಗಿ ಮುನೆಯೋಶಿ, 1889ರಿಂದ 1961ರವರೆಗೆ ಬದುಕಿದವನು. ನೌಕಾಪಡೆಯ ದೊಡ್ಡ ಅಧಿಕಾರಿಯ ಮಗ, ಶ್ರೀಮಂತರ ಶಾಲೆಯಲ್ಲಿ ಓದಿದವನು. 1919ರಲ್ಲಿ ಕೊರಿಯಾದ ಜನ ಸ್ವಾತಂತ್ರ್ಯಕ್ಕಾಗಿ ಎದ್ದಾಗ ಅವರ ಮೇಲೆ ನಡೆದ ದಬ್ಬಾಳಿಕೆಯನ್ನು ಖಂಡಿಸಿ ಪತ್ರಿಕೆಯಲ್ಲಿ ಬರೆದ. ಆಗ ಹಾಗೆ ಬರೆದ ಜಪಾನೀಯರು ಬೆರಳೆಣಿಕೆ. 1924ರಲ್ಲಿ ಸೋಲ್ ನಗರದ ಅರಮನೆಯೊಳಗೆ ಕೊರಿಯಾದ ಜನಪದ ಕಲೆಯ ಸಂಗ್ರಹಾಲಯ ತೆರೆದ. 1925ರಲ್ಲಿ ಹಮಾದಾ ಶೋಜಿ, ಕವಾಯಿ ಕಂಜಿರೋ ಎಂಬ ಕುಂಬಾರರ ಜತೆ ಸೇರಿ ‘ಮಿಂಗೆಯ್’ ಎಂಬ ಹೊಸ ಶಬ್ದ ಕಟ್ಟಿದ. ಜನರ ಕಲೆ ಎಂದು ಅರ್ಥ. 1936ರಲ್ಲಿ ತೋಕಿಯೋದಲ್ಲಿ ಅದಕ್ಕೊಂದು ಸಂಗ್ರಹಾಲಯ ಎದ್ದಿತು. ಹೆಸರಿಲ್ಲದ ಕೈಗಳು ದಿನದ ಬಳಕೆಗೆ ಮಾಡಿದ ಅಗ್ಗದ ಪಾತ್ರೆಯಲ್ಲೇ ನಿಜವಾದ ಚೆಲುವು ಇದೆ ಎಂಬುದು ಅವನ ವಾದ. ದೊರೆಗಳ ಹೂದಾನಿಯನ್ನು ಕೆಳಗಿಳಿಸಿ ಬಡವರ ಬೋಗುಣಿಯನ್ನು ಮೇಲಿಟ್ಟ. ಅದು ಸಣ್ಣ ಮಾತಲ್ಲ.

ಆದರೂ ನಮ್ಮ ಗಂಟಲಲ್ಲಿ ಒಂದು ಮುಳ್ಳು ಉಳಿಯುತ್ತದೆ. 1931ರಲ್ಲಿ ಯಾನಾಗಿ ಕ್ಯೋಟೊದ ಒಂದು ಬೌದ್ಧ ಮಠದಲ್ಲಿ ಜಪಾನಿನ ಅತಿ ಹೆಸರಾಂತ ಚಹಾ ಬಟ್ಟಲನ್ನು ನೋಡಿದ. ಕೊರಿಯಾದ ಬಟ್ಟಲು. ಬಡವರು ಅನ್ನ ಉಣ್ಣುತ್ತಿದ್ದ ಸಾದಾ ಬಟ್ಟಲು ಅಂತ ಅವನು ಬರೆದ. ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಬಟ್ಟಲಿಗೆ ಮಾತ್ರ ಹೆಸರಿದೆ: ಕಿಜಾಯೆಮೊನ್. ಯಾರದು ಆ ಹೆಸರು? ಒಂದು ಕಾಲದಲ್ಲಿ ಅದನ್ನು ಇಟ್ಟುಕೊಂಡಿದ್ದ ಒಸಾಕಾದ ವ್ಯಾಪಾರಿಯದು! ಮಾಡಿದವನು ಹೋದ, ಕೊಂಡವನು ಉಳಿದ. ಇವತ್ತು ಅದು ಜಪಾನಿನ ರಾಷ್ಟ್ರೀಯ ನಿಧಿ. ಹೆಸರಿಲ್ಲದ್ದರಿಂದಲೇ ಅದು ಚೆಲುವು ಅಂತ ಹೊಗಳುವವರಿಗೆ ನಾವು ಕೇಳುವುದಿಷ್ಟೆ: ಅವನಿಗೆ ಹೆಸರು ಬೇಡವಾಗಿತ್ತೋ, ಅಥವಾ ಯಾರೂ ಕೇಳಲಿಲ್ಲವೋ?

ಹಮಾದಾ ಶೋಜಿ ತನ್ನ ಪಾತ್ರೆಗಳ ಮೇಲೆ ಮುದ್ರೆ ಒತ್ತುವುದನ್ನು ಬಿಟ್ಟ. 1955ರಲ್ಲಿ ಸರ್ಕಾರ ಅವನನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಕರೆಯಿತು. ಕವಾಯಿ ಕಂಜಿರೋ ಅಂಥ ಬಿರುದನ್ನೇ ಬೇಡ ಅಂದ. ಇಬ್ಬರೂ ದೊಡ್ಡವರು, ಅವರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಹೆಸರು ಇದ್ದವನು ಅದನ್ನು ಬಿಟ್ಟರೆ ತ್ಯಾಗ. ಹೆಸರೇ ದಕ್ಕದವನನ್ನು ನೋಡಿ ‘ಎಂಥ ತ್ಯಾಗ’ ಅಂದರೆ ಅದು ಕುರುಡು. ಯಾನಾಗಿ ಕೊರಿಯಾದ ಕಲೆಯಲ್ಲಿ ‘ದುಃಖದ ಚೆಲುವು’ ಕಂಡೆ ಎಂದಾಗ, ಆಮೇಲಿನ ಕೊರಿಯನ್ ವಿಮರ್ಶಕರು ಸಿಟ್ಟಾದದ್ದು ಇದಕ್ಕೇ. ನಮ್ಮ ಕಣ್ಣೀರು ನಿಮ್ಮ ರಸಾನುಭವಕ್ಕೆ ಅಲ್ಲ ಅನ್ನುವುದು ಆ ಸಿಟ್ಟಿನ ತಿರುಳು. ‘ಮಿಂಗೆಯ್’ ಎಂಬಲ್ಲಿನ ‘ಮಿನ್’, ಅಂದರೆ ಜನ, ಅದೂ ಒಂದು ಅಕ್ಷರ. ಅದರ ಅತಿ ಹಳೆಯ ರೂಪ ಚುಚ್ಚಿ ಕುರುಡು ಮಾಡಿದ ಕಣ್ಣು, ಅದು ಗುಲಾಮನ ಗುರುತು ಅಂತ ಚೀನಾದ ವಿದ್ವಾಂಸ ಗುವೋ ಮೊರುವೋ ವಾದಿಸಿದ. ಜನ ಎಂಬ ಮಾತಿನ ಬುಡದಲ್ಲೇ ಗಾಯ.

ಹಾಗಾದರೆ ಹೆಸರಿಲ್ಲದೆ ಇರುವುದೆಲ್ಲ ಕೇಡೇ? ಹಾಗೂ ಅಲ್ಲ. ಕ್ಯೂಶುವಿನ ಬೆಟ್ಟಗಳ ನಡುವೆ ಒಂತಾ ಎಂಬ ಸಣ್ಣ ಊರಿದೆ. 1705ರಿಂದ ಅಲ್ಲಿ ಕುಂಬಾರಿಕೆ. ಹತ್ತರಷ್ಟು ಮನೆ. ಹಳ್ಳದ ನೀರಿನಿಂದ ಮಣ್ಣು ಕುಟ್ಟುತ್ತಾರೆ. ನಮ್ಮ ಏತದ ಹಾಗೆ ಒಂದು ದಪ್ಪ ಮರದ ತೊಲೆ. ಒಂದು ತುದಿಯ ತೊಟ್ಟಿಗೆ ನೀರು ತುಂಬಿ ಬಾಗಿ ಚೆಲ್ಲಿದರೆ ಇನ್ನೊಂದು ತುದಿ ದಬ್ಬನೆ ಮಣ್ಣಿನ ಮೇಲೆ ಬೀಳುತ್ತದೆ. ಹಗಲೂ ರಾತ್ರಿ ಅದೇ ಸದ್ದು. ಅಲ್ಲಿ ಯಾರೂ ತಮ್ಮ ಹೆಸರು ಒತ್ತುವುದಿಲ್ಲ. ಒತ್ತಿದರೆ ಊರಿನ ಹೆಸರು: ಒಂತಾ. ಕೆಲವು ಮನೆಗಳು ಸೇರಿ ಒಂದೇ ಆವಿಗೆ ಸುಡುತ್ತವೆ. 1995ರಲ್ಲಿ ಸರ್ಕಾರ ಮನ್ನಣೆ ಕೊಟ್ಟಾಗಲೂ ಒಬ್ಬ ವ್ಯಕ್ತಿಗೆ ಕೊಡಲಿಲ್ಲ, ಅವರ ಕೂಟಕ್ಕೆ ಕೊಟ್ಟಿತು. ಇಲ್ಲಿ ಹೆಸರು ಹೋಗಿಲ್ಲ, ಎಲ್ಲರದೂ ಆಗಿದೆ. ಕಿತ್ತುಕೊಂಡ ಹೆಸರಿಗೂ ಹಂಚಿಕೊಂಡ ಹೆಸರಿಗೂ ಅಜಗಜಾಂತರ. ಇಲ್ಲಿಯೂ ಒಂದು ಕೊರೆ ಉಂಟು. ಪರಂಪರೆಯಂತೆ ಮಣ್ಣು ಸೋಸಿ ಹದ ಮಾಡುವವರು ಹೆಂಗಸರು, ತಿಗರಿಯ ಮುಂದೆ ಕೂರುವವರು ಗಂಡಸರು, ಕಸುಬು ಹೋಗುವುದು ಹಿರಿಮಗನಿಗೆ. ಊರಿನ ಮುದ್ರೆಯೊಳಗೂ ಇನ್ನೂ ಎಲ್ಲರೂ ಬಂದಿಲ್ಲ.

ಕೊನೆಗೆ ಇನ್ನೊಂದು ಜಾಗ. ನಬೇಶಿಮಾ ದೊರೆಗಳು ತಮಗೆ ಮತ್ತು ಶೋಗುನನ ಕಾಣಿಕೆಗೆ ಬೇಕಾದ ಅತ್ಯುತ್ತಮ ಪಿಂಗಾಣಿಯನ್ನು ಓಕಾವಾಚಿಯಾಮಾ ಎಂಬ ಕಣಿವೆಯಲ್ಲಿ ಮಾಡಿಸುತ್ತಿದ್ದರು. ಮೂರು ಕಡೆ ಕಡಿದಾದ ಬೆಟ್ಟ, ಬಾಯಲ್ಲಿ ಕಾವಲು ಚೌಕಿ. ಕಸುಬಿನ ಗುಟ್ಟು ಹೊರಗೆ ಹೋಗಬಾರದು ಅಂತ. ಈಗ ಅಲ್ಲಿ ಪ್ರವಾಸಿಗಳು ಬರುತ್ತಾರೆ, ಅಂಗಡಿಗಳಿವೆ. ಊರಿನಲ್ಲಿ 880 ಸಮಾಧಿ ಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಿ ಗೋಪುರದ ಹಾಗೆ ಕಟ್ಟಿದ್ದಾರೆ. ನೋಡಿಕೊಳ್ಳಲು ವಾರಸುದಾರರಿಲ್ಲದೆ ಅಲ್ಲಲ್ಲಿ ಬಿದ್ದಿದ್ದ ಕುಂಬಾರರ ಕಲ್ಲುಗಳು. ಆ ಗೋಪುರದ ಹೆಸರು ಶುರುವಾಗುವುದೂ ಅದೇ ಹನ್ನೊಂದು ಗೆರೆಯ ಅಕ್ಷರದಿಂದ.

ಆ ಅಕ್ಷರವನ್ನು ನಾವೂ ಒಂದು ಕಾಗದದ ಮೇಲೆ ಬರೆದು ನೋಡಿದೆವು. ಮೊದಲು ಗುಡ್ಡ, ಆಮೇಲೆ ಬಾಗಿದ ಮೈ, ಆಮೇಲೆ ಗಡಿಗೆ. ಬರೆಯುವ ಕ್ರಮವೂ ಅದೇ. ಮನುಷ್ಯ ಮೊದಲು, ಅವನು ಮಾಡಿದ್ದು ಕೊನೆಗೆ. ಚರಿತ್ರೆ ಬರೆದವರು ಈ ಕ್ರಮವನ್ನು ತಲೆಕೆಳಗು ಮಾಡಿದರು. ಗಡಿಗೆಯನ್ನು ಮೊದಲಿಟ್ಟರು, ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಮನುಷ್ಯನನ್ನು ಬಿಟ್ಟರು. ನಾವು ಚರಿತ್ರೆ ಓದುವಾಗ, ಮಕ್ಕಳಿಗೆ ಹೇಳುವಾಗ, ಅಕ್ಷರದ ಕ್ರಮದಲ್ಲೇ ಓದೋಣ. ಯಾವ ಸಂಗ್ರಹಾಲಯದಲ್ಲಿ ಯಾವ ಪಾತ್ರೆ ಕಂಡರೂ ಮಕ್ಕಳು ಮೊದಲು ಕೇಳಲಿ: ಇದನ್ನು ಮಾಡಿದವರು ಯಾರು? ಅವರನ್ನು ಯಾರು ತಂದರು? ಅವರು ಯಾವುದರಲ್ಲಿ ಉಂಡರು?

ಉತ್ತರ ಸಿಗದೆ ಹೋಗಬಹುದು. ಕೇಳುವುದನ್ನು ಬಿಡಬಾರದು.